ಪಂಚಾಯಿತಿ ಚುನಾವಣೆಯ ಮತಗಟ್ಟೆ ಡ್ಯೂಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿ ಚುನಾವಣೆ ಘೋಷಣೆ ಆಯಿತು ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. "ಆರ್ಡರ್ ಬಂತಾ ಮೇಡಂ? ಪಿಆರ್‌ಓನಾ, ಪಿಓನಾ? ಯಾವ ಹೋಬಳಿ?" ನಾನು ಹೈಸ್ಕೂಲು ಶಿಕ್ಷಕಿ. ಪಿಓ (ಪೋಲಿಂಗ್ ಆಫೀಸರ್, ಮತಗಟ್ಟೆಯ ಸಿಬ್ಬಂದಿ) ಆಗಿ ಶುರು ಮಾಡಿ, ಎಪಿಆರ್‌ಓ (ಮತಗಟ್ಟೆ ಮುಖ್ಯಸ್ಥರ ಸಹಾಯಕಿ) ಆಗಿ, ಆಮೇಲೆ ಪಿಆರ್‌ಓ (ಮತಗಟ್ಟೆಯ ಮುಖ್ಯಸ್ಥೆ) ಆಗಿ ಕೂತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಪ್ರತಿ ಸಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ತರಬೇತಿಯಲ್ಲಿ ಕೊಡುವ ಕೈಪಿಡಿಯನ್ನು ಇದರ ಜೊತೆಗೆ ಓದಲೇಬೇಕು. ಎರಡರಲ್ಲಿ ಬೇರೆ ಬೇರೆ ಇದ್ದರೆ ಕೈಪಿಡಿಯ ಮಾತೇ ಕೊನೆ.

ವಿಧಾನಸಭೆ ಚುನಾವಣೆಯಲ್ಲಿ ಡ್ಯೂಟಿ ಮಾಡಿದ್ದೇನೆ. ಇದೂ ಅದೇ ತರಹ ಅಲ್ವಾ?

ಪೂರ್ತಿ ಅಲ್ಲ. ಇದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಸಂವಿಧಾನದ 73ನೇ ತಿದ್ದುಪಡಿಯ ನಂತರ, 243-ಕೆ ವಿಧಿಯ ಪ್ರಕಾರ ಬಂದ ಬೇರೆಯದೇ ಆಯೋಗ ಅದು. ಲೋಕಸಭೆ, ವಿಧಾನಸಭೆ ನಡೆಸುವ ಭಾರತ ಚುನಾವಣಾ ಆಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಫಾರಂಗಳು ಬೇರೆ, ಕವರ್‌ಗಳು ಬೇರೆ, ಕೆಲವು ನಿಯಮಗಳೂ ಬೇರೆ. "ಹೋದ ಸಲ ಹೀಗೆ ಮಾಡಿದ್ವಿ" ಅಂತ ನೆನಪಿನ ಮೇಲೆ ಹೋಗಬೇಡಿ.

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆಯೋಗದ ಪಟ್ಟಿಯಲ್ಲಿರುವ ಮುಕ್ತ ಚಿಹ್ನೆಗಳನ್ನು ಹಂಚಿರುತ್ತಾರೆ. ಒಂದೇ ಕ್ಷೇತ್ರದಿಂದ ಇಬ್ಬರು, ಮೂವರು ಸದಸ್ಯರು ಆಯ್ಕೆ ಆಗುವುದುಂಟು. ಮತ್ತೆ, ಮತಯಂತ್ರ ಅಲ್ಲ, ಮತಪತ್ರ. 2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದ 5,700ಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಬೀದರ್ ಜಿಲ್ಲೆಯಲ್ಲಿ ಮಾತ್ರ ಯಂತ್ರ ಇತ್ತು. ಉಳಿದ ಕಡೆ ಕಾಗದ, ಪೆಟ್ಟಿಗೆ, ಅರಗು. ಈ ಪುಟದಲ್ಲಿ ನಾನು ಹೇಳುತ್ತಿರುವುದು ಆ ಮತಪತ್ರದ ಚುನಾವಣೆಯ ಬಗ್ಗೆಯೇ.

ಸಣ್ಣ ಊರು, ಕೆಲವೇ ನೂರು ಮತ. ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಕಡಿಮೆ ಮತ ಇರುವುದರಿಂದಲೇ ಕೆಡಿಸಿಕೊಳ್ಳಬೇಕು. ಪಂಚಾಯಿತಿಗೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಅದರಲ್ಲಿ ಮಕ್ಕಳನ್ನು ಬಿಡಿ, ಊರು ಬಿಟ್ಟು ಬೆಂಗಳೂರಿಗೆ ದುಡಿಯಲು ಹೋದವರನ್ನು ಬಿಡಿ. ಉಳಿದ ಮತಗಳಲ್ಲಿ ಗೆಲುವಿನ ಅಂತರ ನಾಲ್ಕೋ ಐದೋ ಆಗುವುದು ಮಾಮೂಲು. ಸಮ ಬಂದರೆ ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ.

ದೊಡ್ಡ ಚುನಾವಣೆಯಲ್ಲೇ ಹೀಗಾಗಿದೆ ಅಲ್ವಾ? 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತ. ವಾರ್ಡಿನ ಚುನಾವಣೆಯಲ್ಲಿ ನೀವು ಸಹಿ ಹಾಕಲು ಮರೆತ ಒಂದು ಮತಪತ್ರ ಆ ಒಂದು ಮತವೇ ಆಗಿರಬಹುದು. ನಾವು ಸಂಜೆ ಬಸ್ಸು ಹತ್ತಿ ಬರುತ್ತೇವೆ. ಆ ಊರಿನವರು ಮಾತ್ರ ಐದು ವರ್ಷ ಅದೇ ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು.

ಡ್ಯೂಟಿ ಬಿಡಿಸಿಕೊಳ್ಳಬಹುದಾ?

ನಿಜವಾದ ಕಾರಣ ಇದ್ದರೆ ಕೇಳಿ. ಗಂಭೀರ ಕಾಯಿಲೆ, ಗರ್ಭಿಣಿಯರು, ಎಳೆ ಮಗುವಿನ ತಾಯಂದಿರು, ಓಡಾಡಲು ತೊಂದರೆ ಇರುವವರು ದಾಖಲೆ ಸಮೇತ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು. ಆದೇಶ ಬಂದ ದಿನವೇ ಕೊಡಿ, ಮಸ್ಟರಿಂಗ್ (ತಂಡಗಳಿಗೆ ಸಾಮಾನು ಕೊಟ್ಟು ಕಳಿಸುವ) ದಿನ ಅಲ್ಲ. ಸುಮ್ನೆ ಗೈರುಹಾಜರಾದರೆ ಶಿಸ್ತುಕ್ರಮ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ತಂಡದ ಉಳಿದವರು ಒಬ್ಬರು ಕಡಿಮೆ ಆಗಿ ಒದ್ದಾಡುತ್ತಾರೆ.

ಪಿಆರ್‌ಓ, ಎಪಿಆರ್‌ಓ, ಪಿಓ ಅಂದರೆ ಯಾರು? ಯಾರಿಗೆ ಯಾವ ಕೆಲಸ?

ಪಿಆರ್‌ಓ ಅಂದರೆ ಪ್ರಿಸೈಡಿಂಗ್ ಆಫೀಸರ್, ಮತಗಟ್ಟೆಯ ಮುಖ್ಯಸ್ಥರು. ಎಪಿಆರ್‌ಓ ಅವರ ಸಹಾಯಕರು. ಮತದಾರರ ಪಟ್ಟಿ ಸಾಮಾನ್ಯವಾಗಿ ಎಪಿಆರ್‌ಓ ಮುಂದೆಯೇ ಇರುತ್ತದೆ. ಅವರು ಹೆಸರು, ಕ್ರಮಸಂಖ್ಯೆ ಜೋರಾಗಿ ಓದುತ್ತಾರೆ, ಹೆಸರಿನ ಕೆಳಗೆ ಗೆರೆ ಎಳೆಯುತ್ತಾರೆ. ಹೆಂಗಸರಾದರೆ ಗೆರೆಯ ಜೊತೆಗೆ ಒಂದು ಟಿಕ್. ಈ ಟಿಕ್ ಮರೆಯಬೇಡಿ. ಎರಡು ಗಂಟೆಗೊಮ್ಮೆ ಗಂಡಸರು ಎಷ್ಟು, ಹೆಂಗಸರು ಎಷ್ಟು ಅಂತ ಫೋನ್ ಬಂದಾಗ ಅದೇ ಕೈ ಹಿಡಿಯುವುದು.

ಉಳಿದ ಪಿಓಗಳಲ್ಲಿ ಒಬ್ಬರು ಬೆರಳಿಗೆ ಶಾಯಿ ಹಚ್ಚಿ, ಕೌಂಟರ್‌ಫಾಯಿಲ್ (ಮತಪತ್ರ ಹರಿದ ಮೇಲೆ ಕಟ್ಟಿನಲ್ಲೇ ಉಳಿಯುವ ಭಾಗ) ಮೇಲೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. ಇನ್ನೊಬ್ಬರು ಮತಪತ್ರ ಮಡಚಿ, ಮತ ಒತ್ತುವ ಏರೋ ಕ್ರಾಸ್ ಮಾರ್ಕಿನ ಮೊಹರು ಕೈಗೆ ಕೊಟ್ಟು ಕಳಿಸುತ್ತಾರೆ. ಪಿಆರ್‌ಓ ಒಂದೇ ಕಡೆ ಕೂರುವಂತಿಲ್ಲ. ಸಹಿ, ಏಜೆಂಟರು (ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವವರು), ಸಾಲು, ಪೆಟ್ಟಿಗೆ, ದಿನದ ಘಟನೆ ಬರೆಯುವ ಡೈರಿ ಎಲ್ಲವೂ ಅವರದೇ. ನಾನು ಪಿಆರ್‌ಓ ಆದಾಗ ನನ್ನ ಕುರ್ಚಿಯನ್ನು ಪೆಟ್ಟಿಗೆ ಕಾಣುವ ಹಾಗೆ ಹಾಕಿಕೊಳ್ಳುತ್ತೇನೆ. ಮಿಕ್ಕಿದ್ದಕ್ಕೆ ಎದ್ದು ಓಡಾಡಬಹುದು, ಪೆಟ್ಟಿಗೆಯಿಂದ ಮಾತ್ರ ಕಣ್ಣು ಹೋಗಬಾರದು.

ಮಸ್ಟರಿಂಗ್ ದಿನ ಏನೇನು ನೋಡಿಕೊಳ್ಳಬೇಕು?

ಮತದಾನದ ಹಿಂದಿನ ದಿನ ತಾಲ್ಲೂಕು ಕೇಂದ್ರದ ಯಾವುದಾದರೂ ಕಾಲೇಜು ಮೈದಾನದಲ್ಲಿ ಮಸ್ಟರಿಂಗ್ ಇರುತ್ತದೆ. ಶಾಮಿಯಾನ, ಮೈಕು, ಮತಗಟ್ಟೆ ನಂಬರು ಬರೆದ ಟೇಬಲ್‌ಗಳು. ಎಲ್ಲರೂ ಸಾಮಾನು ತಗೊಂಡು ಬಸ್ಸಿನಲ್ಲಿ ಸೀಟು ಹಿಡಿಯುವ ಅವಸರದಲ್ಲಿರುತ್ತಾರೆ. ನೀವು ಅಲ್ಲೇ ನೆಲದ ಮೇಲೆ ಜಮಖಾನ ಹಾಸಿ ಕೂತು ಎಣಿಸಿ.

ಮೊದಲು ಮತಪತ್ರ. ನಿಮ್ಮ ಕ್ಷೇತ್ರದ್ದೇನಾ, ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆ ಪಟ್ಟಿಗೆ ಸರಿಹೋಗುತ್ತವಾ, ಕ್ರಮಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇದೆ, ಮಧ್ಯದಲ್ಲಿ ಹಾಳೆ ಬಿಟ್ಟುಹೋಗಿದೆಯಾ ಅಂತ ಒಂದೊಂದಾಗಿ ತಿರುವಿ. ಒಮ್ಮೆ ನಮ್ಮ ಕಟ್ಟಿನಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮಸ್ಟರಿಂಗ್‌ನಲ್ಲಿ ಗೊತ್ತಾಗಿದ್ದರಿಂದ ಅಲ್ಲೇ ಬರೆಸಿಕೊಂಡೆವು. ಸಂಜೆ ಲೆಕ್ಕ ಹಾಕುವಾಗ ಗೊತ್ತಾಗಿದ್ದರೆ ಒಂದು ಮತಪತ್ರ ಎಲ್ಲಿ ಹೋಯಿತು ಅಂತ ಮಧ್ಯರಾತ್ರಿವರೆಗೂ ಹುಡುಕಬೇಕಿತ್ತು.

ಆಮೇಲೆ ಮತದಾರರ ಪಟ್ಟಿಯ ಎಲ್ಲ ಪ್ರತಿಗಳೂ ಒಂದೇ ತರಹ ಇವೆಯಾ ನೋಡಿ. ಪೆಟ್ಟಿಗೆಯ ಮುಚ್ಚಳ ಸರಾಗವಾಗಿ ತೆಗೆದು ಮುಚ್ಚಬೇಕು. ಭೇದಸೂಚಕ ಮೊಹರು (ಮತಪತ್ರ ಯಾವ ಮತಗಟ್ಟೆಯದ್ದು ಅಂತ ತೋರಿಸುವುದು), ಲೋಹದ ಸೀಲು, ಏರೋ ಕ್ರಾಸ್ ಮೊಹರು, ಸ್ಟ್ಯಾಂಪ್ ಪ್ಯಾಡ್, ಶಾಯಿ ಬಾಟಲಿ, ಪೆಟ್ಟಿಗೆಗೆ ಹಾಕುವ ಪೇಪರ್ ಸೀಲು, ಅರಗು ಇವು ಕೈಗೆ ಬರದೆ ಬಸ್ಸು ಹತ್ತಬೇಡಿ. ಸ್ಟ್ಯಾಂಪ್ ಪ್ಯಾಡ್ ಒಣಗಿದೆಯಾ ಅಂತ ರಫ್ ಹಾಳೆಯ ಮೇಲೆ ಒತ್ತಿ ನೋಡಿ.

ನಾನೇ ಮನೆಯಿಂದ ಏನು ತಗೊಂಡು ಹೋಗಲಿ?

ಹೊದಿಕೆ, ಟಾರ್ಚ್, ಮೊಬೈಲ್ ಚಾರ್ಜರ್, ನೀರಿನ ಬಾಟಲಿ, ಮಾಮೂಲಿ ತಗೊಳ್ಳುವ ಮಾತ್ರೆ, ಸೊಳ್ಳೆ ಬತ್ತಿ, ಎರಡು ಒಳ್ಳೆಯ ಪೆನ್ನು, ಬೆಂಕಿಪೊಟ್ಟಣ. ಒಂದು ಹಳೆಯ ಕಾಟನ್ ಬಟ್ಟೆ ಖಂಡಿತ ಇರಲಿ. ಅದು ಯಾಕೆ ಅಂತ ಕೆಳಗೆ ಹೇಳುತ್ತೇನೆ.

ರಾತ್ರಿ ಅಲ್ಲೇ ಉಳಿಯಬೇಕಾ? ಹೆಂಗಸರಿಗೆ ಕಷ್ಟ ಆಗುವುದಿಲ್ಲವಾ?

ಹೌದು, ಮತಪತ್ರ ಇದ್ದ ಕಡೆ ತಂಡ ಇರಬೇಕು. ಕಷ್ಟ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಮತಗಟ್ಟೆ ಹೆಚ್ಚಾಗಿ ಊರಿನ ಪ್ರಾಥಮಿಕ ಶಾಲೆ. ಶೌಚಾಲಯಕ್ಕೆ ಬೀಗ ಹಾಕಿರುತ್ತದೆ, ಇಲ್ಲವೇ ನೀರಿರುವುದಿಲ್ಲ. ಬಸ್ಸಿಳಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಇದೇ: ಪಂಚಾಯಿತಿಯ ಬಿಲ್ ಕಲೆಕ್ಟರ್ ಅಥವಾ ವಾಟರ್‌ಮ್ಯಾನ್ ಅವರನ್ನು ಕರೆಸಿ ಬೀಗ ತೆಗೆಸಿ, ನೀರು ತುಂಬಿಸಿ, ಬಲ್ಬ್ ಹಾಕಿಸಿ. ಕತ್ತಲಾದ ಮೇಲೆ ಕೇಳಿದರೆ ಯಾರೂ ಸಿಗುವುದಿಲ್ಲ. ಸಂಕೋಚ ಪಡಬೇಡಿ, ಇದು ಉಪಕಾರ ಕೇಳುವುದಲ್ಲ. ತಂಡದಲ್ಲಿ ನೀವೊಬ್ಬರೇ ಮಹಿಳೆ ಆಗಿದ್ದರೆ ಮಸ್ಟರಿಂಗ್‌ನಲ್ಲೇ ಸೆಕ್ಟರ್ ಅಧಿಕಾರಿಗೆ (ಹಲವು ಮತಗಟ್ಟೆಗಳನ್ನು ನೋಡಿಕೊಳ್ಳುವವರಿಗೆ) ಹೇಳಿ. ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆ ಜೊತೆ ಮಾತಾಡಿದರೆ ದಾರಿ ಸಿಗುತ್ತದೆ.

ಊಟ? ಊರಿನವರು ಕರೆದರೆ ಹೋಗಬಹುದಾ?

ಊಟದ ವ್ಯವಸ್ಥೆ ಪಂಚಾಯಿತಿ ಕಡೆಯಿಂದ ಆಗುತ್ತದೆ. ಬಿಸಿಯೂಟದ ಅಮ್ಮಂದಿರೇ ಬಂದು ಅನ್ನ, ಸಾರು ಮಾಡಿ ಹಾಕುವುದೂ ಉಂಟು. ಅಭ್ಯರ್ಥಿಯ ಮನೆಯ ಊಟ ಬೇಡ. ಅವರ ಕಡೆಯವರ ಟೀ ಕೂಡ ಬೇಡ. ಹಳ್ಳಿಯಲ್ಲಿ "ನಮ್ಮನೇಲಿ ಒಂದು ತುತ್ತು ತಿನ್ನಿ ಮೇಡಂ" ಅಂತ ಕರೆಯುವವರು ಪ್ರೀತಿಯಿಂದಲೇ ಕರೆಯುತ್ತಾರೆ. "ಇವತ್ತು ಬೇಡಮ್ಮ, ಇನ್ನೊಂದು ಸಲ ಬರ್ತೀನಿ" ಅಂತ ನಗುನಗುತ್ತಾ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೀವು ಯಾರ ಮನೆಯ ಹೊಸ್ತಿಲು ದಾಟಿದಿರಿ ಅನ್ನುವುದು ಬೆಳಗ್ಗೆ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿರುತ್ತದೆ.

ಬೆಳಗ್ಗೆ ಎಷ್ಟು ಹೊತ್ತಿಗೆ ಶುರು?

2020ರಲ್ಲಿ ಬೆಳಗ್ಗೆ 7ರಿಂದ ಸಂಜೆ 5ರವರೆಗೆ ಮತದಾನ ಇತ್ತು. 7ಕ್ಕೆ ಮೊದಲ ಮತ ಬೀಳಬೇಕಾದರೆ ನೀವು 5ಕ್ಕೆ ಎದ್ದಿರಬೇಕು. ಆರೂಕಾಲು, ಆರೂವರೆಗೆ ಏಜೆಂಟರ ಎದುರು ಖಾಲಿ ಪೆಟ್ಟಿಗೆ ತೆರೆದು ತೋರಿಸಿ. ಪೆಟ್ಟಿಗೆಯನ್ನು ಬಾಗಿಸಿ, ಒಳಗೆ ಕೈ ಹಾಕಿಯೇ ತೋರಿಸಿ. ಒಳಗೆ ಮತಗಟ್ಟೆಯ ವಿವರ ಇರುವ ಚೀಟಿ ಇಡಿ, ಪೇಪರ್ ಸೀಲಿಗೆ ನೀವೂ ಏಜೆಂಟರೂ ಸಹಿ ಹಾಕಿ, ಮುಚ್ಚಿ ಸೀಲ್ ಮಾಡಿ. ಪೇಪರ್ ಸೀಲು ತೆಳು, ಚಳಿಗೆ ಬೆರಳು ಬಿಗಿದಿರುತ್ತದೆ, ಹರಿದುಹೋಗಬಹುದು. ನಿಧಾನವಾಗಿ ಹಾಕಿ. ಹರಿದರೆ ಮುಚ್ಚಿಡಬೇಡಿ. ಆ ತುಂಡನ್ನೂ ಲೆಕ್ಕಕ್ಕೆ ಇಟ್ಟು ಇನ್ನೊಂದು ಬಳಸಿ.

ಮತಪತ್ರ ಕೊಡುವುದರಲ್ಲಿ ಏನಿದೆ ಅಂಥಾದ್ದು?

ಇದರಲ್ಲೇ ಎಲ್ಲಾ ಇರುವುದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರತಿ ಮತಪತ್ರದ ಹಿಂದೆ ಭೇದಸೂಚಕ ಮೊಹರು ಮತ್ತು ಪಿಆರ್‌ಓ ಸಹಿ ಇರಬೇಕು. ಇವೆರಡೂ ಇಲ್ಲದ ಮತಪತ್ರ ಎಣಿಕೆ ಟೇಬಲ್‌ಗೆ ಬಂದರೆ ಅಲ್ಲಿ ಜಗಳ ಶುರುವಾಗುತ್ತದೆ. ಮತದಾರರ ತಪ್ಪೇನೂ ಇರುವುದಿಲ್ಲ, ಆದರೂ ಅವರ ಮತವೇ ತೂಗಾಡುತ್ತದೆ. ಪೂರ್ತಿ ಕಟ್ಟಿಗೆ ರಾತ್ರಿಯೇ ಸಹಿ ಹಾಕಿಟ್ಟುಬಿಡೋಣ ಅಂತ ಕೆಲವರು ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸಹಿ ಆದ ಖಾಲಿ ಮತಪತ್ರ ಅಂದರೆ ಸಹಿ ಆದ ಖಾಲಿ ಚೆಕ್ಕಿದ್ದ ಹಾಗೆ. ಬೆಳಗ್ಗೆ ಸ್ವಲ್ಪ ಸ್ವಲ್ಪವಾಗಿ ಸಹಿ ಮಾಡುತ್ತಾ ಹೋಗಿ.

ಕೌಂಟರ್‌ಫಾಯಿಲ್‌ನಿಂದ ಹರಿಯುವಾಗ ಲೋಹದ ಪಟ್ಟಿ ಇಟ್ಟು ಹರಿಯಿರಿ. ಕೈಯಲ್ಲಿ ಎಳೆದರೆ ಅಂಚು ಕಿತ್ತು ಬರುತ್ತದೆ.

ಇನ್ನು ಆ ಕಾಟನ್ ಬಟ್ಟೆಯ ವಿಷಯ. ಹೆಬ್ಬೆಟ್ಟು ಒತ್ತಿದವರ ಬೆರಳಲ್ಲಿ ಪ್ಯಾಡಿನ ಇಂಕು ಉಳಿದಿರುತ್ತದೆ. ಹಾಗೇ ಮತಪತ್ರ ಕೊಟ್ಟರೆ ಯಾವುದೋ ಚಿಹ್ನೆಯ ಪಕ್ಕ ಹೆಬ್ಬೆಟ್ಟಿನ ಗುರುತು ಬೀಳುತ್ತದೆ. ಯಾರ ಮತ ಅಂತ ಗುರುತು ಹಿಡಿಯಬಹುದಾದ ಗುರುತು ಇದ್ದರೆ ಮತ ತಿರಸ್ಕಾರ ಆಗಬಹುದು. ಬಟ್ಟೆ ಒದ್ದೆ ಮಾಡಿಟ್ಟುಕೊಂಡು ಆ ಬೆರಳು ಒರೆಸಿಯೇ ಕೊಡಿ. ಅರ್ಧ ನಿಮಿಷದ ಕೆಲಸ ಅದು.

ಮಡಚುವುದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ನೀವೇ ಒಮ್ಮೆ ಮಡಚಿ, ಬಿಚ್ಚಿ, ಕೈಗೆ ಕೊಡಿ. ಗೆರೆ ಬಿದ್ದಿರುತ್ತದಲ್ಲ, ಮತದಾರರು ಅದೇ ಗೆರೆಯ ಮೇಲೆ ಮತ್ತೆ ಮಡಚುತ್ತಾರೆ. ಅಡ್ಡಾದಿಡ್ಡಿ ಮಡಚಿದರೆ ಹಸಿ ಇಂಕು ಇನ್ನೊಂದು ಚಿಹ್ನೆಯ ಮೇಲೆ ಅಚ್ಚಾಗಿ, ಎಣಿಸುವವರಿಗೆ ಎರಡು ಮತ ಹಾಕಿದ ಹಾಗೆ ಕಾಣುತ್ತದೆ.

ಒಬ್ಬರು ಎಷ್ಟು ಮತ ಹಾಕಬಹುದು?

ಆ ಕ್ಷೇತ್ರದಲ್ಲಿ ಎಷ್ಟು ಸ್ಥಾನಕ್ಕೆ ಮತದಾನ ನಡೆಯುತ್ತಿದೆಯೋ ಅಷ್ಟು. ಮೂರು ಸ್ಥಾನ ಇದ್ದರೆ ಮೂವರಿಗೆ ಒಂದೊಂದು. ಕಡಿಮೆ ಹಾಕಿದರೂ ನಡೆಯುತ್ತದೆ. ಜಾಸ್ತಿ ಹಾಕಿದರೆ ಮತಪತ್ರವೇ ಅಸಿಂಧು. ಒಬ್ಬರಿಗೇ ಮೂರೂ ಮತ ಹಾಕಲು ಆಗುವುದಿಲ್ಲ. ಹೆಚ್ಚು ಗೊಂದಲ ಆಗುವುದು ಇಲ್ಲೇ. ಮತಪತ್ರ ಕೊಡುವಾಗ "ಅಮ್ಮಾ, ಇಲ್ಲಿ ಮೂರು ಜನರನ್ನ ಆರಿಸಬೇಕು, ಮೂರಕ್ಕಿಂತ ಜಾಸ್ತಿ ಒತ್ತಬೇಡಿ" ಅಂತ ಎಲ್ಲರಿಗೂ ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳಿ.

ಶಾಯಿ ಯಾವ ಬೆರಳಿಗೆ?

ಆ ಚುನಾವಣೆಯ ಆದೇಶದಲ್ಲಿ ಬರೆದಿರುತ್ತದೆ, ಅದನ್ನೇ ಮಾಡಿ. ಬೇರೆ ಚುನಾವಣೆಯ ಗುರುತು ಇನ್ನೂ ಮಾಸಿರದಿದ್ದರೆ ಬೆರಳು ಬದಲಾಗುತ್ತದೆ. ಉಗುರು ಮತ್ತು ಚರ್ಮ ಸೇರುವ ಜಾಗಕ್ಕೆ ತಾಗುವ ಹಾಗೆ ಹಚ್ಚಿ. ಬೆರಳಲ್ಲಿ ಎಣ್ಣೆ ಇದ್ದರೆ ಮೊದಲು ಒರೆಸಿ. ಇದು ನಮ್ಮ ಮೈಸೂರಿನ ಶಾಯಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, ಇದನ್ನು ಮಾಡುತ್ತದೆ. 1962ರ ಚುನಾವಣೆಯಿಂದ ದೇಶದ ಬೆರಳುಗಳ ಮೇಲೆ ಇದೇ ಶಾಯಿ. ಬಾಟಲಿ ಉರುಳದ ಹಾಗೆ ಒಂದು ಲೋಟದಲ್ಲಿ ಮರಳು ಹಾಕಿ ಅದರಲ್ಲಿ ಹೂತಿಡಿ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ.

ಗುರುತಿನ ಚೀಟಿ ತರದೆ ಬಂದರೆ?

ಪಟ್ಟಿಯಲ್ಲಿ ಹೆಸರಿರಬೇಕು, ಅದು ಮುಖ್ಯ. ಗುರುತಿಗೆ ಮತದಾರರ ಚೀಟಿಯೇ ಆಗಬೇಕಿಲ್ಲ. ಆಯೋಗ ಒಪ್ಪಿದ ಬೇರೆ ದಾಖಲೆಗಳ ಪಟ್ಟಿ ನಿಮ್ಮ ಹತ್ತಿರ ಇರುತ್ತದೆ. ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಬರುವುದಿಲ್ಲ. ಅವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಪಟ್ಟಿಯನ್ನು ಇನ್ನೊಮ್ಮೆ ಅವರ ಎದುರೇ ಹುಡುಕಿ ತೋರಿಸಿ. ಎಷ್ಟೋ ಸಲ ಗಂಡನ ಮನೆಯ ಪುಟದಲ್ಲಿ ಇಲ್ಲದ ಹೆಸರು ಕೊನೆಯ ಪುರವಣಿಯಲ್ಲಿ ಸಿಕ್ಕಿದೆ.

"ಯಾರಿಗೆ ಒತ್ತಲಿ ಹೇಳವ್ವಾ" ಅಂತ ವಯಸ್ಸಾದವರು ಕೇಳಿದರೆ?

ಕೇಳೇ ಕೇಳುತ್ತಾರೆ. ಒಂದು ಸಲ ಒಬ್ಬ ಅಜ್ಜಿ ಮತ ಒತ್ತುವ ಮರೆಯ ಹಿಂದೆ ಹೋಗಿ ಐದು ನಿಮಿಷ ಆದರೂ ಹೊರಗೆ ಬರಲಿಲ್ಲ. ಆಮೇಲೆ ಮತಪತ್ರ ಹಿಡಿದುಕೊಂಡೇ ನನ್ನ ಹತ್ತಿರ ಬಂದು, "ಇದ್ರಾಗೆ ನಮ್ಮ ಹುಡುಗನ ಗುರ್ತು ಯಾವುದವ್ವಾ?" ಅಂದರು. ಏಜೆಂಟರೆಲ್ಲ ಒಟ್ಟಿಗೆ ತಲೆ ಎತ್ತಿದರು. ನಾನು ಎದ್ದು ಅಡ್ಡ ನಿಂತು, "ಅಜ್ಜಿ, ಹೆಸರು ಹೇಳಬೇಡಿ, ನನಗೂ ಹೇಳಬೇಡಿ" ಅಂದೆ. ಗೋಡೆಗೆ ಅಂಟಿಸಿದ್ದ ಅಭ್ಯರ್ಥಿಗಳ ಪಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ಮೇಲಿನಿಂದ ಕೆಳಗಿನವರೆಗೂ ಎಲ್ಲ ಹೆಸರು, ಎಲ್ಲ ಚಿಹ್ನೆ ಒಂದೇ ದನಿಯಲ್ಲಿ ಓದಿದೆ. ಅಜ್ಜಿ ಬೆರಳಲ್ಲಿ ಲೆಕ್ಕ ಹಾಕಿಕೊಂಡು ಮತ್ತೆ ಒಳಗೆ ಹೋದರು. ಬರುವಾಗ ಮತಪತ್ರವನ್ನು ಪುಟ್ಟದಾಗಿ, ಎಲೆ ಅಡಿಕೆ ಮಡಚಿದ ಹಾಗೆ ಮಡಚಿಕೊಂಡು ಬಂದು ಪೆಟ್ಟಿಗೆಗೆ ಹಾಕಿದರು.

ಸಾಲು ಉದ್ದ ಇದೆ ಅಂತ ಇಂಥ ಹೊತ್ತಲ್ಲಿ ಗದರಬೇಡಿ. ಮರೆಯೊಳಗೆ ನೀವು ಹೋಗಬೇಡಿ, ಏಜೆಂಟರನ್ನಂತೂ ಬಿಡಲೇಬೇಡಿ.

ಕಣ್ಣು ಕಾಣದವರು, ಕೈ ಸ್ವಾಧೀನ ಇಲ್ಲದವರು ಜೊತೆಗೆ 18 ತುಂಬಿದ ಒಬ್ಬರನ್ನು ಕರೆತರಬಹುದು. ಆ ಸಹಾಯಕರಿಂದ ಘೋಷಣೆಗೆ ಸಹಿ ತಗೊಳ್ಳಿ. ಒಬ್ಬರು ಒಬ್ಬ ಮತದಾರರಿಗೆ ಮಾತ್ರ ಸಹಾಯಕರಾಗಬಹುದು. ಒಬ್ಬನೇ ಹುಡುಗ ಬೆಳಗ್ಗಿನಿಂದ ಮೂರು ಜನ ಅಜ್ಜಂದಿರನ್ನು ಕೈ ಹಿಡಿದು ಕರೆತಂದರೆ ಅಲ್ಲೇ ತಡೆಯಿರಿ.

ಮತದಾರರು ತಪ್ಪಾಗಿ ಒತ್ತಿದೆ, ಇನ್ನೊಂದು ಕೊಡಿ ಅಂದರೆ?

ಪೆಟ್ಟಿಗೆಗೆ ಹಾಕುವ ಮೊದಲು ವಾಪಸ್ ಕೊಟ್ಟರೆ, ಬೇಕೆಂದೇ ಕೆಡಿಸಿದ್ದಲ್ಲ ಅಂತ ನಿಮಗೆ ಅನಿಸಿದರೆ, ಇನ್ನೊಂದು ಕೊಡಬಹುದು. ಹಳೆಯದನ್ನೂ ಕೌಂಟರ್‌ಫಾಯಿಲನ್ನೂ ರದ್ದು ಅಂತ ಬರೆದು ಬೇರೆ ಕವರಿಗೆ ಹಾಕಿ. ಪೆಟ್ಟಿಗೆಗೆ ಬಿದ್ದ ಮೇಲೆ ಏನೂ ಮಾಡಲು ಬರುವುದಿಲ್ಲ.

ಬಂದವರ ಹೆಸರಲ್ಲಿ ಆಗಲೇ ಯಾರೋ ಮತ ಹಾಕಿಬಿಟ್ಟಿದ್ದರೆ?

ನಿಜವಾದ ಮತದಾರರನ್ನು ವಾಪಸ್ ಕಳಿಸಬೇಡಿ. ವಿಚಾರಿಸಿ, ಅವರೇ ಅಂತ ಖಾತ್ರಿ ಆದರೆ ಟೆಂಡರ್ ಮತಪತ್ರ ಕೊಡಬೇಕು. ಅದು ಪೆಟ್ಟಿಗೆಗೆ ಹೋಗುವುದಿಲ್ಲ, ಬೇರೆ ಕವರಿಗೆ ಹೋಗುತ್ತದೆ. ಹೆಸರು ಪಟ್ಟಿ ಮಾಡಿ ಸಹಿ ತಗೊಳ್ಳಿ. ಟೆಂಡರ್ ಮತಕ್ಕೆ ದಾರಿ ಆದದ್ದು ಬೆಳಗ್ಗೆ ಗುರುತು ನೋಡುವಾಗ ನಮ್ಮ ಕಡೆ ಆದ ಅಜಾಗರೂಕತೆಯಿಂದಲೇ ಅನ್ನುವುದು ನೆನಪಿರಲಿ. ಹೆಸರು ಜೋರಾಗಿ ಓದಬೇಕು ಅನ್ನುವುದು ಅದಕ್ಕೇ. ಏಜೆಂಟರು ಊರಿನವರು, ಮುಖ ಗೊತ್ತಿರುತ್ತದೆ, ಸುಳ್ಳಾದರೆ ತಕ್ಷಣ ಆಕ್ಷೇಪಣೆ ಎತ್ತುತ್ತಾರೆ.

ಏಜೆಂಟರು ಜಗಳ ಮಾಡಿದರೆ?

ಬೆಳಗ್ಗೆಯೇ ಎಲ್ಲರನ್ನೂ ಕೂರಿಸಿ ನಿಯಮ ಹೇಳಿಬಿಡಿ. ಮೊಬೈಲ್ ಇಲ್ಲ, ಮತದಾರರ ಜೊತೆ ಮಾತಿಲ್ಲ, ಗುರುತು ಹಾಕಿದ ಪಟ್ಟಿ ಹೊರಗೆ ಹೋಗುವಂತಿಲ್ಲ. ಆಕ್ಷೇಪಣೆ ಇದ್ದರೆ ನನಗೆ ಹೇಳಿ, ಬರೆದುಕೊಳ್ಳುತ್ತೇನೆ. ಅವರ ಮಾತನ್ನು ಡೈರಿಯಲ್ಲಿ ಬರೆಯುವುದು ಕಂಡರೆ ಅರ್ಧ ಸಿಟ್ಟು ಇಳಿಯುತ್ತದೆ. ಹೊರಗೆ 100 ಮೀಟರ್ ಒಳಗೆ ಪ್ರಚಾರ ನಡೆದರೆ ಪೊಲೀಸರಿಗೆ ಹೇಳಿ. ನೀವೇ ಗುಂಪಿನ ಮಧ್ಯೆ ಹೋಗಬೇಡಿ. ಕೈಮೀರುತ್ತಿದೆ ಅನಿಸಿದರೆ ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿ, ಪೆಟ್ಟಿಗೆಯ ಪಕ್ಕ ನಿಲ್ಲಿ.

5 ಗಂಟೆ ಆದಾಗ ಇನ್ನೂ ಸಾಲು ಇದ್ದರೆ?

ಆ ಹೊತ್ತಿಗೆ ಸಾಲಿನಲ್ಲಿದ್ದ ಎಲ್ಲರಿಗೂ ಮತದಾನದ ಹಕ್ಕಿದೆ. ಸಹಿ ಹಾಕಿದ ಚೀಟಿಗಳನ್ನು ಸಾಲಿನ ಕೊನೆಯವರಿಂದ ಶುರು ಮಾಡಿ ಹಂಚುತ್ತಾ ಮುಂದೆ ಬನ್ನಿ. ಕೊನೆಯವರಿಗೆ 1ನೇ ನಂಬರು. ಮುಂದಿನಿಂದ ಹಂಚಿದರೆ ನೀವು ಹಿಂದೆ ಮುಟ್ಟುವಷ್ಟರಲ್ಲಿ ಇನ್ನೂ ಹತ್ತು ಜನ ಸೇರಿರುತ್ತಾರೆ.

ಸಂಜೆಯ ಲೆಕ್ಕ ಯಾಕೆ ಸರಿಹೋಗುವುದಿಲ್ಲ?

ಬೆಳಗ್ಗಿನಿಂದ ಬರೆಯದೆ ಬಿಟ್ಟಿದ್ದಕ್ಕೆ. ಬಂದ ಮತಪತ್ರ ಎಷ್ಟು, ಕೊಟ್ಟದ್ದು ಎಷ್ಟು, ರದ್ದಾದದ್ದು, ಟೆಂಡರ್, ಉಳಿದದ್ದು ಎಷ್ಟು, ಎಲ್ಲಾ ಕೂಡಿದರೆ ಮೊದಲಿನ ಸಂಖ್ಯೆ ಬರಬೇಕು. ಪಟ್ಟಿಯ ಗೆರೆಗಳನ್ನೂ ಕೌಂಟರ್‌ಫಾಯಿಲನ್ನೂ ಎರಡು ಗಂಟೆಗೊಮ್ಮೆ ತಾಳೆ ನೋಡಿದರೆ ತಪ್ಪು ಆ ಎರಡು ಗಂಟೆಯೊಳಗೇ ಸಿಗುತ್ತದೆ. ಡೈರಿಯನ್ನೂ ಹಾಗೇ, ಆದಾಗಲೇ ಬರೆಯಿರಿ. ಲೆಕ್ಕದಲ್ಲಿ ಒಂದು ಹೆಚ್ಚುಕಡಿಮೆ ಬಂದರೆ ಹೊಂದಿಸಲು ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿ.

ನನ್ನ ಸ್ವಂತ ಮತ?

ತರಬೇತಿಯ ಮೊದಲ ದಿನವೇ ಅಂಚೆ ಮತಪತ್ರದ ಬಗ್ಗೆ ವಿಚಾರಿಸಿ, ಅರ್ಜಿ ಕೊಡಿ. ನಿಮ್ಮ ಹೆಸರು ಪಟ್ಟಿಯ ಯಾವ ಭಾಗದಲ್ಲಿದೆ, ಕ್ರಮಸಂಖ್ಯೆ ಎಷ್ಟು ಅಂತ ಬರೆದಿಟ್ಟುಕೊಂಡು ಹೋಗಿ. ಊರೆಲ್ಲರ ಮತಕ್ಕಾಗಿ ಎರಡು ದಿನ ದುಡಿದು ನಮ್ಮದೇ ಬಿಟ್ಟುಬಿಡುವುದು ನನಗೆ ತುಂಬಾ ಬೇಸರದ ವಿಷಯ.

ಡಿ-ಮಸ್ಟರಿಂಗ್ (ಪೆಟ್ಟಿಗೆ, ಸಾಮಾನು ವಾಪಸ್ ಒಪ್ಪಿಸುವುದು) ಮುಗಿಯುವಾಗ ಎಷ್ಟು ಹೊತ್ತಾಗುತ್ತದೆ?

ಬಸ್ಸು ಎಷ್ಟು ಮತಗಟ್ಟೆ ಸುತ್ತಿ ಬರುತ್ತದೆ ಅನ್ನುವುದರ ಮೇಲೆ. ರಾತ್ರಿ ಎಂಟೂ ಆಗಬಹುದು, ಹನ್ನೊಂದೂ ಆಗಬಹುದು. ಕವರ್‌ಗಳನ್ನು ಮತಗಟ್ಟೆಯಲ್ಲೇ ಜೋಡಿಸಿ, ಹೆಸರು ಬರೆದು, ಸೀಲ್ ಮಾಡಿಕೊಂಡು ಬನ್ನಿ. ಓಡುವ ಬಸ್ಸಿನಲ್ಲಿ ಅರಗು ಕರಗಿಸಲು ಆಗುವುದಿಲ್ಲ. ಪೆಟ್ಟಿಗೆ ನಿಮ್ಮ ಕಾಲ ಬುಡದಲ್ಲೇ ಇರಲಿ, ಬಸ್ಸಿನ ಹಿಂದಿನ ಸೀಟಿಗೆ ಹಾಕಬೇಡಿ. ಒಪ್ಪಿಸಿದ ಮೇಲೆ ರಸೀದಿ ಕೈಗೆ ಬರುವವರೆಗೂ ತಂಡದವರು ಯಾರೂ ಮನೆಗೆ ಹೊರಡಬಾರದು. ಒಂದು ಕವರ್ ಕಾಣದಿದ್ದರೆ ಅದು ಯಾರ ಬ್ಯಾಗಿನಲ್ಲಿದೆ ಅಂತ ಆಗ ಎಲ್ಲರನ್ನೂ ಕೇಳಬೇಕಾಗುತ್ತದೆ. ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಹಾಜರಾತಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಮರುದಿನ ಶಾಲೆಯಲ್ಲಿ ಅದನ್ನೇ ಕೇಳುತ್ತಾರೆ.